ಬ್ಯಾಂಕ್ಸಿಯಾ, ಗ್ರೆವಿಲಿಯಾ ಕುಂಡಗಳ ಮಿಕ್ಸ್ ಬದಲಾಗುತ್ತಿದೆ

ಮೆಲ್ಬರ್ನಿನ ನಮ್ಮ ಗ್ರಾಹಕರಿಗೆ ನಮಸ್ಕಾರ.

ಸೆಪ್ಟೆಂಬರ್ 1ರಿಂದ ನಮ್ಮಲ್ಲಿ ಸಿಗುವ ಬ್ಯಾಂಕ್ಸಿಯಾ, ಗ್ರೆವಿಲಿಯಾ, ಹೇಕಿಯಾ ಮತ್ತು ವಾರಟಾ ಗಿಡಗಳು ಗೊಬ್ಬರ ಬೆರೆಸದ ಪಾಟಿಂಗ್ ಮಿಕ್ಸಿನಲ್ಲಿ (ಕುಂಡಕ್ಕೆ ತುಂಬುವ ಮಿಶ್ರಣ) ಬರುತ್ತವೆ. ಇದುವರೆಗೆ ಎಲ್ಲಕ್ಕೂ ಗೊಬ್ಬರ ಬೆರೆತ ಒಂದೇ ಪ್ರೀಮಿಯಂ ಮಿಕ್ಸ್ ಹಾಕುತ್ತಿದ್ದೆವು. ಕ್ಯಾಂಗರೂ ಪಾ, ಬಾಟಲ್ ಬ್ರಷ್, ಕೊರಿಯಾಗಳಿಗೆ ಅದೇ ಮುಂದುವರಿಯುತ್ತದೆ. ಬೆಲೆ ಹೆಚ್ಚಿಲ್ಲ.

ಕಾರಣ ರಂಜಕ (ಫಾಸ್ಫರಸ್). ಈ ನಾಲ್ಕೂ ಒಂದೇ ಕುಟುಂಬದವು, ರಂಜಕವೇ ವಿರಳವಾದ ನೆಲದಲ್ಲಿ ಬೆಳೆದು ಬಂದವು. ಇದ್ದಷ್ಟನ್ನೂ ಹೀರಲೆಂದೇ ಇವುಗಳ ಬೇರು ಬಾಟಲಿ ತೊಳೆಯುವ ಬ್ರಷ್ಷಿನಂತೆ ಒತ್ತಾಗಿ ಗೊಂಚಲು ಕಟ್ಟುತ್ತದೆ. ಕುಂಡದಲ್ಲಿ ರಂಜಕ ಹೇರಳವಾಗಿ ಸಿಕ್ಕಿದರೆ ಬೇಡವೆಂದು ಬಿಡಲು ಅದಕ್ಕೆ ಬರುವುದಿಲ್ಲ. ಹಳೆ ಎಲೆಗಳ ತುದಿ ಸುಡುತ್ತದೆ, ಚಿಗುರು ಹಳದಿಯಾಗುತ್ತದೆ. ಹಳದಿ ಕಂಡ ಕೂಡಲೇ ಹಸಿದಿದೆಯೆಂದು ಇನ್ನೊಂದು ಹಿಡಿ ಗೊಬ್ಬರ ಹಾಕುವವರೇ ಹೆಚ್ಚು. ಗಿಡ ಹೋಗುವುದು ಅಲ್ಲಿಗೇ.

ಹೊಸ ಮಿಕ್ಸಿನಲ್ಲಿ ಕಳಿತ ಪೈನ್ ತೊಗಟೆ 3 ಪಾಲು, ತೊಳೆದ ದಪ್ಪ ಮರಳು 1 ಪಾಲು, ಉಪ್ಪು ಹೋಗುವಂತೆ ತೊಳೆದ ತೆಂಗಿನ ನಾರಿನ ಪುಡಿ 1 ಪಾಲು. ಆಹಾರ ಕೊಡುವ ಕೆಲಸ ಇನ್ನು ನಿಮ್ಮದು: ಸೆಪ್ಟೆಂಬರಿನಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ, ನಿಧಾನವಾಗಿ ಕರಗುವ ನೇಟಿವ್ ಗೊಬ್ಬರ (ಆಸ್ಟ್ರೇಲಿಯಾದ ಸ್ಥಳೀಯ ಗಿಡಗಳಿಗೆಂದೇ ಮಾಡಿದ್ದು), ಲೀಟರ್ ಮಿಕ್ಸಿಗೆ 2 ಗ್ರಾಂ. 200 ಮಿ.ಮೀ. ಕುಂಡಕ್ಕೆ ಸುಮಾರು ಒಂದೂವರೆ ಟೀ ಚಮಚ ಸಾಕು. ಚೀಲದ ಮೇಲೆ 'ನೇಟಿವ್' ಎಂದಿದ್ದ ಮಾತ್ರಕ್ಕೆ ನಂಬಬೇಡಿ, ಪಿ (ಅಂದರೆ ರಂಜಕ) ಎದುರಿನ ಅಂಕಿ 1 ಅಥವಾ ಅದಕ್ಕಿಂತ ಕಡಿಮೆ ಇದೆಯೇ ನೋಡಿ.

ಊರಿನ ಲೆಕ್ಕ ಇಲ್ಲಿ ಹಿಡಿಯಬೇಡಿ. ಭಾರತದ ಚೀಲದಲ್ಲಿ ಬರೆಯುವುದು ರಂಜಕದ ಆಕ್ಸೈಡಿನ ಪ್ರಮಾಣ, ಆಸ್ಟ್ರೇಲಿಯಾದಲ್ಲಿ ಬರೆಯುವುದು ಬರೀ ರಂಜಕ. ಊರಿನ ಡಿಎಪಿ ಗೊಬ್ಬರದ ಚೀಲದ ಮೇಲಿನ 46 ಇಲ್ಲಿನ ಲೆಕ್ಕದಲ್ಲಿ ಸುಮಾರು 20. ಮೂಳೆ ಪುಡಿ, ಕೋಳಿ ಗೊಬ್ಬರ ಎರಡರಲ್ಲೂ ರಂಜಕ ಜಾಸ್ತಿ. ಗುಲಾಬಿಗೆ ಹಾಕಿ, ಇವಕ್ಕೆ ಬೇಡ. (ಕೊಡಗಿನ ಕಾಫಿ ತೋಟದ ಸಿಲ್ವರ್ ಓಕ್ ಕೂಡ ಗ್ರೆವಿಲಿಯಾವೇ, ಆದರೆ ನೆಲದಲ್ಲಿ ಬೇರು ಹರಡಿ ನಿಂತ ಮರದ ಮಾತು ಕುಂಡಕ್ಕೆ ಹೊಂದದು.)

ಕುಂಡದಡಿ ತಟ್ಟೆ ಇಟ್ಟು ನೀರು ನಿಲ್ಲಿಸಬೇಡಿ, ಬೇರು ಕೊಳೆಯುತ್ತದೆ. ಹಾಗೆಂದು ಪೂರ್ತಿ ಒಣಗಿಸಲೂ ಬೇಡಿ: ಒಣಗಿದ ತೊಗಟೆ ನೀರನ್ನು ಒಳಗೆ ಬಿಡದು, ಹೊಯ್ದದ್ದು ಅಂಚಿನಿಂದ ಜಾರಿ ಕೆಳಗೆ ಹೋಗುತ್ತದೆ. ಹಾಗಾದರೆ ಕುಂಡವನ್ನೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ತೆಗೆಯಿರಿ.

ಮಿಕ್ಸಿನ ಚೀಲ ತೆರೆಯುವಾಗ ಮಾಸ್ಕ್, ಕೈಗವಸು ಹಾಕಿ, ಮೊದಲು ನೀರು ಚಿಮುಕಿಸಿ. ಅದರ ದೂಳಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಉಸಿರಿನೊಡನೆ ಹೋದರೆ ನ್ಯುಮೋನಿಯಾ ತರುತ್ತದೆ.

ಹಳೆ ಮಿಕ್ಸಿನಲ್ಲಿ ಕೊಂಡ ಈ ನಾಲ್ಕು ಬಗೆಯ ಗಿಡಗಳು ನಿಮ್ಮಲ್ಲಿ ಚೆನ್ನಾಗಿದ್ದರೆ ಮುಟ್ಟಬೇಡಿ, ಗೊಬ್ಬರ ಮಾತ್ರ ನಿಲ್ಲಿಸಿ. ಎಲೆ ಸುಡಲು ಶುರುವಾಗಿದ್ದರೆ ಅಕ್ಟೋಬರ್ ಕೊನೆಯೊಳಗೆ ಕುಂಡ ಸಮೇತ ತನ್ನಿ, ಹೊಸ ಮಿಕ್ಸಿಗೆ ಹಣವಿಲ್ಲದೆ ಬದಲಿಸಿ ಕೊಡುತ್ತೇವೆ. ಸುಟ್ಟ ಎಲೆ ಮತ್ತೆ ಹಸಿರಾಗದು; ಹೊಸ ಚಿಗುರು ಹೇಗೆ ಬರುತ್ತದೆಂದು ನೋಡಬೇಕು.

ಇಂತಿ,
ನಿಮ್ಮ ನರ್ಸರಿ ಬಳಗ