ಗಡ್ಡ ಬಿಟ್ಟವರೆಲ್ಲ ಇಸ್ಲಾಂವಾದಿಗಳಲ್ಲ, ತಮ್ಮಾ

ಪ್ರೀತಿಯ ತಮ್ಮಾ,

ನಿನ್ನ ಕಥೆ ಓದಿದೆ. ಕಾಗುಣಿತ, ಯಾವ ಪತ್ರಿಕೆಗೆ ಕಳಿಸಬೇಕು ಅನ್ನೋದೆಲ್ಲ ಆಮೇಲೆ ನೋಡೋಣ. ಮಂಡಕ್ಕಿ ಭಟ್ಟಿಯ ಭಾಗ ತುಂಬಾ ಹಿಡಿಸಿತು. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಏಳುವ ಚಟಪಟ ಸದ್ದು, ಗೋಡೆಗೆ ಮೆತ್ತಿದ ಮಸಿ, ಹೊಗೆಗೆ ಕಣ್ಣು ಕೆಂಪಾದ ಬಾಬಾಜಾನ್. ದಾವಣಗೆರೆಯಲ್ಲಿ ಬೆಳೆದವನ ಬರಹ ಅದು. ಆದರೆ ಮುಂದೆ ಅವನು ಗಡ್ಡ ಬಿಟ್ಟ, ಐದು ಹೊತ್ತು ನಮಾಜು ಶುರು ಮಾಡಿದ, 'ಇಸ್ಲಾಂವಾದಿಯಾದ' ಅಂತ ಬರೆದಿದ್ದೀಯಲ್ಲ, ಅಲ್ಲಿ ಸಿಟ್ಟು ಬಂತು.

ಅವನು ಯಾವ ಪಕ್ಷ ಸೇರಿದನಪ್ಪಾ? ಕಾನೂನೆಲ್ಲ ಷರಿಯಾ ಪ್ರಕಾರ ಇರಬೇಕು ಅಂತ ಎಲ್ಲಿ ಹೇಳಿದ? ಧರ್ಮ ಮನೆ, ಮಸೀದಿಗೆ ಮಾತ್ರ ಸೀಮಿತವಾದರೆ ಸಾಲದು, ರಾಜ್ಯವೂ ಅದರಂತೆ ನಡೆಯಬೇಕು ಅನ್ನೋ ರಾಜಕೀಯಕ್ಕೆ ಇಟ್ಟ ಹೆಸರು ಇಸ್ಲಾಂವಾದ. 1928ರಲ್ಲಿ ಈಜಿಪ್ಟಿನಲ್ಲಿ ಹಸನ್ ಅಲ್ ಬನ್ನಾ ಮುಸ್ಲಿಂ ಬ್ರದರ್‌ಹುಡ್ ಕಟ್ಟಿದ್ದು, 1941ರಲ್ಲಿ ಲಾಹೋರಿನಲ್ಲಿ ಮೌದೂದಿ ಜಮಾತೆ ಇಸ್ಲಾಮಿ ಶುರು ಮಾಡಿದ್ದು ಈ ವಿಚಾರದ ಮೇಲೆ. ಹಿಂದೆ ಫ್ರಾನ್ಸಿನಲ್ಲಿ 'ಇಸ್ಲಾಮಿಸಂ' ಅನ್ನೋ ಪದಕ್ಕೆ ಬರೀ ಇಸ್ಲಾಂ ಧರ್ಮ ಅನ್ನೋ ಅರ್ಥವೇ ಇತ್ತು. ರಾಜಕೀಯದ ಅರ್ಥ ಗಟ್ಟಿಯಾಗಿದ್ದು 1979ರ ಇರಾನ್ ಕ್ರಾಂತಿಯ ನಂತರ. ಇಸ್ಲಾಂವಾದಿಗಳೊಳಗೂ ಎಲ್ಲರೂ ಒಂದೇ ಅಲ್ಲ. ಬಂದೂಕು ಹಿಡಿದವರಿದ್ದಾರೆ, ಓಟು ಕೇಳಿದವರಿದ್ದಾರೆ. ಟ್ಯುನೀಷಿಯಾದ ಎನ್ನಹ್ದಾ ಪಕ್ಷವಂತೂ 2016ರಲ್ಲಿ, ರಾಜಕೀಯ ಇಸ್ಲಾಂ ಬಿಟ್ಟೆವು, ನಾವೀಗ ಮುಸ್ಲಿಂ ಡೆಮಾಕ್ರಾಟರು ಅಂತ ಹೇಳಿಕೊಂಡಿತು.

ನನಗಿದು ಹಳೇ ನೋವು. ಶುಕ್ರವಾರ ಮಧ್ಯಾಹ್ನ ಗ್ಯಾರೇಜಿಗೆ ಬೀಗ ಹಾಕಿ ನಮಾಜಿಗೆ ಹೋಗೋ ಮೆಕ್ಯಾನಿಕ್ ಒಬ್ಬನ ಬಗ್ಗೆ ಒಂದು ಪತ್ರಿಕೆಗೆ ಬರೆದಿದ್ದೆ. 'ದೈವಭಕ್ತ' ಅಂತಿದ್ದದ್ದನ್ನು ಡೆಸ್ಕಿನವರು 'ಮೂಲಭೂತವಾದಿ' ಮಾಡಿದರು. ಜಗಳಕ್ಕೆ ಹೋದರೆ, "ಎರಡೂ ಒಂದೇ ಅಲ್ವಾ ಸಾರ್" ಅಂದರು. ತಿದ್ದುಪಡಿ ಹಾಕಲೇ ಇಲ್ಲ. ಆಮೇಲೂ ಆ ಮನುಷ್ಯ ನನ್ನ ಸ್ಕೂಟರ್ ರಿಪೇರಿ ಮಾಡಿಕೊಟ್ಟ, ಆದರೆ ಮಾತಾಡಿಸಲಿಲ್ಲ. ಇವತ್ತಿಗೂ ಆ ಡೆಸ್ಕಿನವರನ್ನು ಕ್ಷಮಿಸಿಲ್ಲ.

ಹಾಗಂತ ಆ ಪದವನ್ನೇ ಮುಟ್ಟಬೇಡ ಅಂತಲ್ಲ. ಅಂಥ ರಾಜಕೀಯ ಮಾಡುವವನು ಕಥೆಗೆ ಬಂದರೆ ಮುಲಾಜಿಲ್ಲದೆ ಬರಿ, ಅವನ ವಾದ ಅವನ ಬಾಯಲ್ಲೇ ಬರಲಿ. ನಮ್ಮಲ್ಲಿ ಕೆಲವರು ಒಳ್ಳೆಯವರು ಅನ್ನಿಸಿಕೊಳ್ಳೋಕೆ ಅದನ್ನೂ ಬರೆಯಲ್ಲ, ಅದೂ ಸುಳ್ಳೇ.

ಬಾಬಾಜಾನ್ ಯಾಕೆ ಬದಲಾದ? ಭಟ್ಟಿಯಲ್ಲೇ ದುಡಿದು ಸತ್ತ ಅವನಪ್ಪನ ಕೆಮ್ಮಿನ ಬಗ್ಗೆ ಎರಡು ಸಾಲು ಬರೆದು ಸುಮ್ನೆ ಬಿಟ್ಟುಬಿಟ್ಟಿದ್ದೀಯ. ಅಲ್ಲಿಂದ ಮತ್ತೆ ಬರಿ. ಯುಗಾದಿಯೊಳಗೆ ಕಳಿಸು, ಓದ್ತೀನಿ.