ಕುದುರೆಮುಖ ಚಾರಣಕ್ಕೆ ಕಂಪಾಸ್ ಕೊಳ್ಳುವವರಿಗೆ

ಎಲ್ಲರಿಗೂ ನಮಸ್ಕಾರ. ಕೀಚೈನಿಗೆ ಸಿಗಿಸುವ ಪುಟ್ಟ ಕಂಪಾಸ್ ದಯವಿಟ್ಟು ಬೇಡ. ಪಾರದರ್ಶಕ ತಳ, ತಿರುಗಿಸಬಹುದಾದ ಡಿಗ್ರಿ ಬಳೆ, ಒಳಗೆ ದ್ರವ ಇರುವುದನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲೇ ಮಟ್ಟಸವಾಗಿ ಹಿಡಿದು ನೋಡಿ. ಮುಳ್ಳು ಸ್ವಲ್ಪ ಆಡಿ ಬೇಗ ನಿಲ್ಲಬೇಕು, ಎಲ್ಲೂ ತಾಗಬಾರದು. ದ್ರವದಲ್ಲಿ ದೊಡ್ಡ ಗುಳ್ಳೆ ಕಂಡರೆ ಬಿಟ್ಟುಬಿಡಿ. ಯೂರೋಪಿಗೆಂದೇ ಮಾಡಿದ ಕಂಪಾಸಿನ ಮುಳ್ಳು ನಮ್ಮಲ್ಲಿ ಓರೆಯಾಗಿ ಉಜ್ಜಬಹುದು, ಅದನ್ನೂ ಗಮನಿಸಿ.

ಕೊಂಡ ಮೇಲೆ ಮೊಬೈಲ್ ಪಕ್ಕ ಇಡಬೇಡಿ. ಅಯಸ್ಕಾಂತದ ಕವರ್ ಇದ್ದರೆ ಮುಳ್ಳು ಉತ್ತರದ ಬದಲು ದಕ್ಷಿಣ ತೋರಿಸುವಷ್ಟು ಕೆಡಬಹುದು. ಇನ್ನೊಂದು ಮುಖ್ಯ ವಿಷಯ: ಕುದುರೆಮುಖದ ನೆಲದಲ್ಲಿ ಮ್ಯಾಗ್ನೆಟೈಟ್ (ಅಯಸ್ಕಾಂತದ ಗುಣವಿರುವ ಕಬ್ಬಿಣದ) ಅದಿರು ಜಾಸ್ತಿ. ಅಲ್ಲಿ ಒಳ್ಳೆಯ ಕಂಪಾಸೂ ದಿಕ್ಕು ತಪ್ಪಬಹುದು. ಒಂದೇ ಕಡೆ ನಿಂತು ನಂಬಬೇಡಿ. ಸ್ವಲ್ಪ ದೂರ ನಡೆದು ಮತ್ತೊಮ್ಮೆ ನೋಡಿ, ಸೂರ್ಯ, ನಕ್ಷೆಯ ಜೊತೆ ಹೋಲಿಸಿ. ಕೊಂಡವರು ಗುಂಪಿನಲ್ಲಿ ಫೋಟೋ ಹಾಕಿ.