ಐವತ್ತು ಸಾವಿರ ಒಟ್ಟಿಗೇ ಹಾಕಬೇಡ

ಪ್ರೀತಿಯ ಗೆಳೆಯಾ,

ಬೆಂಗಳೂರಿನ ಥಣಿಸಂದ್ರದ ಶೆಡ್ಡಿನಲ್ಲಿರೋ ಯಾದಗಿರಿ ಕಡೆಯ ಆ ಗಂಡ-ಹೆಂಡತಿಗೆ ಐವತ್ತು ಸಾವಿರ ಹಾಕ್ತೀನಿ ಅಂತ ಮೆಸೇಜ್ ಮಾಡಿದೀಯ. ನಿನ್ನ ಮನಸ್ಸು ದೊಡ್ಡದು, ಒಪ್ಪಿದೆ. ಆದರೆ ಅವರೇನು ದುಡಿಯದೆ ಕೂತವರಲ್ಲ ಕಣೋ. ಅವನದು ಗಾರೆ ಕೆಲಸ, ಅವಳು ಇಟ್ಟಿಗೆ ಹೊರ್ತಾಳೆ. ಕಾರ್ಡು ಊರಿನದಾದರೂ ಇಲ್ಲೇ ಸೊಸೈಟಿಯಲ್ಲಿ ಹೆಬ್ಬೆಟ್ಟೊತ್ತಿ ಅಕ್ಕಿ ತಗೋತಾರೆ. ದುಡಿದದ್ದು ಹೋಗ್ತಿರೋದು ಬೇರೆ ಕಡೆ.

ಹೋದ ಮಳೆಗಾಲದಲ್ಲಿ ಅವನು ಸಾರುವೆಯಿಂದ ಬಿದ್ದು ಕಾಲು ಮುರ್ಕೊಂಡನಲ್ಲ, ಆಗ ಇಪ್ಪತ್ತು ಸಾವಿರ ಸಾಲ ತಂದರು, ಹತ್ತು ರೂಪಾಯಿ ಬಡ್ಡಿಗೆ. ನೂರಕ್ಕೆ ತಿಂಗಳಿಗೆ ಹತ್ತು. ಲೆಕ್ಕ ಹಾಕು: ತಿಂಗಳಿಗೆ 2,000. ಗೃಹಲಕ್ಷ್ಮಿ ಎಷ್ಟು? ಅದೂ 2,000! ಸರ್ಕಾರ ಅವಳ ಖಾತೆಗೆ ಹಾಕಿದ್ದು ಹಾಗೇ ಬಡ್ಡಿಯವನ ಜೇಬು ಸೇರುತ್ತೆ. ವರ್ಷಕ್ಕೆ 24,000 ಕಟ್ಟಿದರೂ ಅಸಲು ಅಲ್ಲಾಡಲ್ಲ. ಅತಿಬಡ್ಡಿ ವಿರುದ್ಧ 2004ರ ಕಾಯ್ದೆ ಇದೆಯಮ್ಮಾ ಅಂದೆ. "ಕಂಪ್ಲೇಂಟ್ ಕೊಟ್ರ, ನಾಳಿಗಿ ಕೂಸಿಗಿ ಜ್ವರ ಬಂದ್ರ ರೊಕ್ಕ ಯಾರ್ ಕೊಡ್ತಾರ್ರೀ ಅಣ್ಣಾರ?" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ರಾತ್ರಿ ಹನ್ನೊಂದಕ್ಕೂ ಬಾಗಿಲು ತೆಗೆಯೋನು ಆ ಬಡ್ಡಿಯವನೊಬ್ಬನೇ.

ಅದಕ್ಕೇ ಮೊದಲು ಆ ಅಸಲು ತೀರಲಿ. ಇಪ್ಪತ್ತು ಸಾವಿರ ಸಾಕು. ಆಮೇಲೆ ಉಳಿಯೋ ಗೃಹಲಕ್ಷ್ಮಿ ದುಡ್ಡಲ್ಲಿ ಅರ್ಧದಷ್ಟು ಪೋಸ್ಟಾಫೀಸಿನ ಉಳಿತಾಯ ಖಾತೆಗೆ ಹಾಕಿಟ್ಟರೆ ಮುಂದಿನ ಜ್ವರಕ್ಕೆ ಬಡ್ಡಿಯವನ ಮನೆ ಬಾಗಿಲು ತಟ್ಟಬೇಕಿಲ್ಲ. ನೀನು ಪೂರ್ತಿ ಐವತ್ತು ಕೊಟ್ಟರೆ ಉಳಿದದ್ದು ಊರ ಜಾತ್ರೆಗೋ ನೆಂಟರ ಮದುವೆಗೋ ಕರಗುತ್ತೆ. ಅವರನ್ನ ಬೈಯ್ತಿಲ್ಲ, ನಮ್ಮ ಮನೇಲೂ ಬೋನಸ್ ಬಂದಾಗ ಆಗೋದು ಇದೇ ತಾನೆ.

ಎರಡನೇದು ಲೇಬರ್ ಕಾರ್ಡು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಅವನ ಹೆಸರಿದ್ದಿದ್ದರೆ ಕಾಲು ಮುರಿದಾಗ ಸಹಾಯಧನಕ್ಕೆ ಅರ್ಜಿ ಹಾಕಬಹುದಿತ್ತು. ಹೆಸರು ಸೇರಿಸೋಕೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಮೇಸ್ತ್ರಿ ಸಹಿ ಹಾಕೋಕೆ ಹಿಂದೆಮುಂದೆ ನೋಡ್ತಾನೆ, ಯಾವುದೋ ಕೇಸು ಮೈಮೇಲೆ ಬರುತ್ತೆ ಅನ್ನೋ ಭಯ. ನೋಂದಾಯಿತ ಕಾರ್ಮಿಕ ಸಂಘದವರೂ ಕೊಡಬಹುದಂತೆ, ಆ ಕಡೆಯಿಂದ ಓಡಾಡ್ತಿದೀನಿ.

ಅವರ ಮಗಳ ವಿಷಯ ನನಗೆ ಇದಕ್ಕಿಂತ ದೊಡ್ಡದು. ನಾಲ್ಕನೇ ಕ್ಲಾಸಿಗೆ ಬಿಟ್ಟು ಬಂದವಳು ಈಗ ಮರಳಿನ ಗುಡ್ಡೆ ಪಕ್ಕ ಸೀರೆ ಜೋಳಿಗೆಯಲ್ಲಿ ತಮ್ಮನನ್ನ ತೂಗ್ತಾ ಕೂತಿರ್ತಾಳೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಸಿಮೆಂಟ್ ಚೀಲದ ಮೇಲಿನ ಅಕ್ಷರ ತಿದ್ದುತ್ತಾಳೆ. ಟಿಸಿ ಇಲ್ಲ ಅಂತ ಅವರಮ್ಮ ಸುಮ್ಮನಿದ್ದಾಳೆ. ಟಿಸಿ ತಡವಾಯ್ತು ಅಂತ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರೋ ಹಾಗಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೆ ತಮ್ಮನಿಗೆ ಜಾಗ ಸಿಗದೆ ಅಕ್ಕ ಶಾಲೆಗೆ ಹೋಗಲ್ಲ. ಅವನಿಗೀಗ ಮೂರು ತುಂಬಿದೆ, ಅಂಗನವಾಡಿ ಟೀಚರ್ ಸೋಮವಾರ ಕರ್ಕೊಂಡು ಬನ್ನಿ ಅಂದಿದಾರೆ.

ಬಡ್ಡಿಯವನು ಹದಿನೈದಕ್ಕೆ ಬರ್ತಾನೆ. ಅದಕ್ಕೆ ಮುಂಚೆ ಇಪ್ಪತ್ತು ಹಾಕು, ಉಳಿದದ್ದು ನಿನ್ನ ಹತ್ರಾನೇ ಇರಲಿ. ಸಾಲಕ್ಕೆ ಬರೆದುಕೊಟ್ಟ ಪ್ರೋನೋಟೂ ಖಾಲಿ ಚೆಕ್ಕೂ ಅವನ ಹತ್ರ ಇವೆ, ಎರಡನ್ನೂ ಕೈಯಲ್ಲಿ ಇಸ್ಕೊಂಡೇ ದುಡ್ಡು ಕೊಡಬೇಕು. ರಜಾ ಸಿಕ್ಕರೆ ನೀನೂ ಬಾ, ಇಬ್ಬರಿದ್ದರೆ ಒಳ್ಳೇದು.

ನಿನ್ನ ಗೆಳೆಯ